ನನ್ನ ಕಥೆಯ ಲೋಕದಲ್ಲಿ ತಾಮ್ರಕ್ಕೆ ಏನು ಕೆಲಸ ಕೊಡಲಿ?

ಗದ್ದೆಬದು, ನಾಪೋಕ್ಲು

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಒಂದು ವೈಜ್ಞಾನಿಕ ಕಾದಂಬರಿ ಬರೆಯುತ್ತಿದ್ದೇನೆ. ಬರೆಯುತ್ತಿದ್ದೇನೆ ಅನ್ನುವುದಕ್ಕಿಂತ ಅಳಿಸುತ್ತಿದ್ದೇನೆ ಅಂದರೆ ಸರಿ.

ಕಥೆ ಇಷ್ಟು. ಇಸವಿ 2380. ದೂರದ ಒಂದು ತಣ್ಣನೆಯ ಗ್ರಹದ ಜನ ಕೊಡಗಿಗೆ ಬಂದು ಇಳಿಯುತ್ತಾರೆ. ನಮ್ಮ ರಕ್ತದಲ್ಲಿ ಕಬ್ಬಿಣ ಇದ್ದ ಹಾಗೆ ಅವರ ರಕ್ತದಲ್ಲಿ ತಾಮ್ರ. ಅವರ ಗ್ರಹದಲ್ಲಿ ತಾಮ್ರ ಮುಗಿಯುತ್ತಾ ಬಂದಿದೆ. ನಮ್ಮ ತೋಟಗಳಿಗೆ ತಲೆಮಾರುಗಳಿಂದ ಬೋರ್ಡೋ (ಮೈಲುತುತ್ತ ಅಂದರೆ ತಾಮ್ರದ ಸಲ್ಫೇಟ್, ಅದಕ್ಕೆ ಸುಣ್ಣ ಬೆರೆಸಿದ ರೋಗದ ಔಷಧ) ಹೊಡೆದೂ ಹೊಡೆದೂ ಮಣ್ಣಿನಲ್ಲಿ ತಾಮ್ರ ಸೇರಿದೆ ಅಲ್ವಾ? ಅದನ್ನು ಅಗೆದುಕೊಂಡು ಹೋಗಲು ಬರುತ್ತಾರೆ. ದೊಡ್ಡ ದೊಡ್ಡ ಯಂತ್ರಗಳು, ತೋಟ ಉಳಿಸಿಕೊಳ್ಳಲು ಜನರ ಹೋರಾಟ, ಕೊನೆಗೆ ಪೀಚೆಕತ್ತಿ, ಅಂದರೆ ಕೊಡವರು ಸೊಂಟಕ್ಕೆ ಸಿಕ್ಕಿಸುವ ಕಿರುಗತ್ತಿ. ನಾಯಕ ಅವರಲ್ಲೊಬ್ಬನನ್ನು ಇರಿಯುತ್ತಾನೆ. ಕತ್ತಿ ಎಳೆದರೆ ಅದಕ್ಕೆ ಕೆಂಪಗೆ ತಾಮ್ರ ಹತ್ತಿರುತ್ತದೆ. ಬೋರ್ಡೋ ಡ್ರಮ್ಮಿಗೆ ಕತ್ತಿ ಅದ್ದಿ ನೋಡುತ್ತೇವಲ್ಲ, ಹಾಗೆ. ಇದನ್ನು ಬರೆದ ರಾತ್ರಿ ನನಗೆ ನಿದ್ದೆ ಬರಲಿಲ್ಲ, ಅಷ್ಟು ಖುಷಿ.

ತಾಮ್ರಕ್ಕೆ ಇನ್ನೂ ಏನೇನು ಕೆಲಸ ಕೊಡಬಹುದು ಹೇಳಿ. ಹಡಗು, ಆಯುಧ, ಔಷಧ, ಏನಾದರೂ ಸರಿ. ತಪ್ಪಿದ್ದರೆ ಬೈಯಿರಿ. ಕತ್ತಿಯ ದೃಶ್ಯ ಮಾತ್ರ ಮುಟ್ಟಬೇಡಿ.

ಕಾಲೇಜ್‌ಬಸ್, ಸುಂಟಿಕೊಪ್ಪ

ಅಣ್ಣ, ತಾಮ್ರದ ರಕ್ತ ಹಳೇ ಸರಕು. ಸ್ಟಾರ್ ಟ್ರೆಕ್‌ನ ಸ್ಪಾಕ್ 1966ರಲ್ಲೇ ಟಿವಿಗೆ ಬಂದಾಯ್ತು. ಅವನ ರಕ್ತ ಹಸಿರು, ಕಾರಣ ತಾಮ್ರ. ನಿಮ್ಮವರದ್ದು ಯಾವ ಬಣ್ಣ?

ಗದ್ದೆಬದು

ಹಸಿರು ಅಂತಲೇ ಬರೆದಿದ್ದೇನಪ್ಪ. ಬದಲಿಸಬೇಕಾ?

ನೈಟ್‌ಡ್ಯೂಟಿ, ಮಡಿಕೇರಿ

ಬದಲಿಸಿ. ಹಳೇ ಚೊಂಬಿನ ಕಿಲುಬು ನೋಡಿ ಹಸಿರು ಅಂದುಕೊಂಡಿರಬೇಕು. ನಿಜವಾದ ತಾಮ್ರದ ರಕ್ತ ನೀಲಿ. ಅದನ್ನು ನೋಡಲು ಬೇರೆ ಗ್ರಹಕ್ಕೆ ಹೋಗಬೇಕಾಗಿಲ್ಲ, ನಿಮ್ಮ ಗದ್ದೆಬದುವಿನ ಏಡಿಯಲ್ಲೇ ಇದೆ. ಏಡಿ, ಸೀಗಡಿ, ಆಕ್ಟೋಪಸ್, ಬಸವನಹುಳು, ಇವುಗಳ ರಕ್ತದಲ್ಲಿ ಆಮ್ಲಜನಕ ಹೊರುವ ಕೆಲಸ ಹೀಮೋಸಯನಿನ್ ಅನ್ನುವ ಪ್ರೋಟೀನಿನದು. ಎರಡು ತಾಮ್ರದ ಪರಮಾಣು ಸೇರಿ ಒಂದು ಆಮ್ಲಜನಕದ ಅಣುವನ್ನು ಹಿಡಿದುಕೊಳ್ಳುತ್ತವೆ. ಹಿಡಿದಾಗ ನೀಲಿ, ಬಿಟ್ಟಾಗ ಬಣ್ಣವೇ ಇಲ್ಲ.

ನಮ್ಮ ಕೆಂಪು ರಕ್ತಕಣದಂಥ ಚೀಲ ಇದಕ್ಕಿಲ್ಲ. ಪ್ರೋಟೀನ್ ನೇರವಾಗಿ ರಕ್ತದಲ್ಲೇ ಕರಗಿರುತ್ತದೆ. ಜಾಸ್ತಿ ಆಮ್ಲಜನಕ ಬೇಕೆಂದು ಜಾಸ್ತಿ ಪ್ರೋಟೀನ್ ತುಂಬಿದರೆ ರಕ್ತ ಗಂಜಿಯ ಹಾಗೆ ದಪ್ಪವಾಗುತ್ತದೆ. ಆಕ್ಟೋಪಸ್‌ಗೆ ಮೂರು ಹೃದಯ ಇರುವುದಕ್ಕೂ ಇದಕ್ಕೂ ಸಂಬಂಧ ಇದೆ. ಅಷ್ಟಿದ್ದರೂ ಅದರ ರಕ್ತ ಹೊರುವ ಆಮ್ಲಜನಕ ನಮ್ಮದರ ನಾಲ್ಕನೇ ಒಂದು ಪಾಲು ದಾಟುವುದು ಕಷ್ಟ. ಹಾಗಾಗಿ ನಿಮ್ಮವರು ತಡಿಯಂಡಮೋಳ್ ಬೆಟ್ಟದ 1,748 ಮೀಟರನ್ನು ಓಡಿಕೊಂಡು ಹತ್ತುವ ಜನ ಅಲ್ಲ. ನಾಲ್ಕು ಹೆಜ್ಜೆ ಇಟ್ಟು ಕೂರುವವರು. ಅಂಥವರು ಯುದ್ಧ ಏನು ಮಾಡುತ್ತಾರೆ?

ಇನ್ನೊಂದು. ಅವರನ್ನು ಆಸ್ಪತ್ರೆಗೆ ತಂದರೆ ಬೆರಳಿಗೆ ಹಾಕುವ ಆಕ್ಸಿಮೀಟರ್ ಸುಳ್ಳು ಹೇಳುತ್ತದೆ. ಅದು ಕೆಂಪು ಬೆಳಕನ್ನೂ ಅವಕೆಂಪು ಬೆಳಕನ್ನೂ ಬಿಟ್ಟು ಹಿಮೋಗ್ಲೋಬಿನ್ ಎಷ್ಟೆಷ್ಟು ಹೀರಿತು ಅಂತ ಲೆಕ್ಕ ಹಾಕುವ ಯಂತ್ರ. ನೀಲಿ ರಕ್ತಕ್ಕೆ ಅದರ ಲೆಕ್ಕ ಹೊಂದುವುದಿಲ್ಲ. ಬದುಕಿರುವವನ ಪಕ್ಕದಲ್ಲಿ ಯಂತ್ರ ಕೂಗಿಕೊಳ್ಳುತ್ತಾ ಇರುತ್ತದೆ. ರಾತ್ರಿ ಪಾಳಿಯಲ್ಲಿ ಇದಕ್ಕಿಂತ ಕಿರಿಕಿರಿ ಇಲ್ಲ, ಬೇಕಾದರೆ ಈ ದೃಶ್ಯ ತಗೊಳ್ಳಿ.

ಬಸವನಹುಳು ಬೇಡಪ್ಪ, ಶನಿವಾರಸಂತೆ

ತಾಮ್ರದ ರಕ್ತದ ಹೊರಗಿನವರು 2380ಕ್ಕೆ ಬರುವುದೇನು, ಈಗಾಗಲೇ ಬಂದು ನಮ್ಮ ತೋಟದಲ್ಲಿ ಕೂತಿದ್ದಾರೆ. ಆಫ್ರಿಕನ್ ದೈತ್ಯ ಬಸವನಹುಳು. 1847ರಲ್ಲಿ ಒಬ್ಬ ಬ್ರಿಟಿಷರವನು ಮಾರಿಷಸ್‌ನಿಂದ ಕಲ್ಕತ್ತೆಗೆ ತಂದು ಬಿಟ್ಟನಂತೆ. ಅಲ್ಲಿಂದ ಹರಿದುಕೊಂಡು ಹರಿದುಕೊಂಡು ನಮ್ಮ ಮನೆ ಬಾಗಿಲಿಗೆ. ಯಂತ್ರ ಇಲ್ಲ, ಆಯುಧ ಇಲ್ಲ. ರಾತ್ರಿ ಬರುತ್ತವೆ, ತಿನ್ನುತ್ತವೆ, ನೂರಾರು ಮೊಟ್ಟೆ ಇಡುತ್ತವೆ. ಒದ್ದೆ ಗೋಣಿಚೀಲ ಹಾಸಿ, ಪಪ್ಪಾಯಿ ಎಲೆ ಇಟ್ಟು, ಬೆಳಿಗ್ಗೆ ಎದ್ದು ಬಕೆಟ್‌ಗೆ ಹೆಕ್ಕುವುದು ನಮ್ಮ ಹೋರಾಟ. ಇದನ್ನು ಬರೆದರೆ ಯಾರು ಓದುತ್ತಾರೆ ಹೇಳಿ.

ನನ್ನ ಪ್ರಶ್ನೆ ಬೇರೆ. ಬಸವನಹುಳುವಿನ ರಕ್ತದಲ್ಲೇ ತಾಮ್ರ ಇದೆ ಅಂತೀರಿ. ಅದಕ್ಕೆ ಮೈಲುತುತ್ತದ ನೀರು ಬಿದ್ದರೆ ಸಾಯುತ್ತದಲ್ಲ, ಅದು ಹೇಗೆ?

ಹಳೇ ಮೇಷ್ಟ್ರು, ವಿರಾಜಪೇಟೆ

ಈ ಚರ್ಚೆಯ ಒಳ್ಳೆಯ ಪ್ರಶ್ನೆ ಇದು. ನಿಧಾನವಾಗಿ ಹೇಳುತ್ತೇನೆ, ನಿವೃತ್ತನಿಗೆ ಪುರಸೊತ್ತು ಜಾಸ್ತಿ.

ತಾಮ್ರ ಇದೆಯೋ ಇಲ್ಲವೋ ಅನ್ನುವುದು ಅರ್ಧ ಮಾತು. ಅದು ಕಟ್ಟಿಹಾಕಿದ ತಾಮ್ರವೋ, ಬಿಟ್ಟ ತಾಮ್ರವೋ ಅನ್ನುವುದು ಉಳಿದರ್ಧ. ಹೀಮೋಸಯನಿನ್ ಒಳಗಿನ ತಾಮ್ರ ಗೂಟಕ್ಕೆ ಕಟ್ಟಿದ ದನ. ಹೇಳಿದ ಕೆಲಸ ಮಾಡುತ್ತದೆ. ನೀರಿನಲ್ಲಿ ಕರಗಿದ ಮೈಲುತುತ್ತದ ತಾಮ್ರ ಹಗ್ಗ ಬಿಚ್ಚಿಕೊಂಡ ದನ. ಸಿಕ್ಕಿದ ಕಿಣ್ವಕ್ಕೆಲ್ಲ ಅಂಟಿಕೊಂಡು ಕೆಡಿಸುತ್ತದೆ. ಸಿಹಿನೀರಿನ ಮೀನು, ಏಡಿಗಳು ಕಿವಿರಿನ ಮೂಲಕ ನೀರಿನಿಂದ ಉಪ್ಪಿನಂಶ ಎಳೆದುಕೊಂಡು ಬದುಕುತ್ತವೆ. ಬಿಟ್ಟ ತಾಮ್ರ ಆ ವ್ಯವಸ್ಥೆಯನ್ನೇ ನಿಲ್ಲಿಸುತ್ತದೆ. ಅದಕ್ಕೇ ಡ್ರಮ್ ತೊಳೆದ ನೀರನ್ನು ತೋಡಿಗೆ ಬಿಡಬೇಡಿ ಅನ್ನುವುದು. ಏಡಿಯ ಮೈಯಲ್ಲಿ ತಾಮ್ರ ಇದೆ, ಏಡಿಯನ್ನು ಕೊಲ್ಲುವುದೂ ತಾಮ್ರವೇ.

ಈಗ ಗದ್ದೆಬದು ಅವರೇ, ಮುಟ್ಟಬೇಡಿ ಅಂದ ಜಾಗಕ್ಕೇ ಕೈ ಹಾಕುತ್ತೇನೆ. ನಿಮ್ಮ ಪೀಚೆಕತ್ತಿಗೆ ತಾಮ್ರ ಹತ್ತುವುದಿಲ್ಲ. ಕಬ್ಬಿಣದ ಮೇಲೆ ತಾಮ್ರ ಕೂರಬೇಕಾದರೆ ತಾಮ್ರ ಬಿಟ್ಟ ಸ್ಥಿತಿಯಲ್ಲಿ ಇರಬೇಕು. ಆಗ ಕಬ್ಬಿಣ ಕರಗಿ ಹೋಗುತ್ತದೆ, ಅದರ ಜಾಗಕ್ಕೆ ತಾಮ್ರ ಬರುತ್ತದೆ. ರಕ್ತದಲ್ಲಿರುವುದು ಕಟ್ಟಿದ ತಾಮ್ರ. ಕತ್ತಿಗೆ ನೀಲಿ ಹನಿ ಹತ್ತುತ್ತದೆ, ಒರೆಸಿದರೆ ಹೋಗುತ್ತದೆ, ಅಷ್ಟೇ.

ಗದ್ದೆಬದು

ಮೇಷ್ಟ್ರೇ, ಎರಡು ವರ್ಷ.

ಮೈಲುತುತ್ತ ಮಾವ, ಸಿದ್ದಾಪುರ

ಮಾರಾಯ, ಅಳಬೇಡ. ನಿನಗೆ ಡ್ರಮ್ಮಿನ ಕತ್ತಿಯಾದರೂ ಸರಿಯಾಗಿ ಗೊತ್ತಾ? ಇಲ್ಲಿ ಓದುವವರಲ್ಲಿ ತೋಟ ನೋಡದವರೂ ಇರಬಹುದು, ಅವರಿಗೂ ಸೇರಿಸಿ ಹೇಳುತ್ತೇನೆ.

ಮೆಣಸಿನ ಬಳ್ಳಿಗೆ ಒಂದು ಪರ್ಸೆಂಟ್ ಬೋರ್ಡೋ. ನೂರು ಲೀಟರ್‌ಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಎಲೆತುಕ್ಕು ರೋಗಕ್ಕೆ ಅಂತ ಕಾಫಿಗೆ ಹೊಡೆಯುವಾಗ ಅದರ ಅರ್ಧ. ಮೈಲುತುತ್ತವನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ರಾತ್ರಿಯೇ ನೀರಿಗೆ ಇಳಿಬಿಡುತ್ತೇವೆ. ಪ್ಲಾಸ್ಟಿಕ್ ಡ್ರಮ್ಮೇ ಆಗಬೇಕು, ಕಬ್ಬಿಣದ್ದು ಆಗದು. ಬೆಳಿಗ್ಗೆ ಬೇರೆ ಡ್ರಮ್ಮಿನಲ್ಲಿ ಸುಣ್ಣ ಕಲಸಿ ಸೋಸಿ, ಅದಕ್ಕೆ ಮೈಲುತುತ್ತದ ನೀರನ್ನು ಸಣ್ಣಗೆ ಹೊಯ್ಯುತ್ತಾ ಒಬ್ಬ ಕೋಲಲ್ಲಿ ತಿರುಗಿಸುತ್ತಲೇ ಇರಬೇಕು. ಗಾಢ ನೀಲಿ ಹೋಗಿ ತಿಳಿಯಾದ ಆಕಾಶದ ಬಣ್ಣ ಬರುತ್ತದೆ. ಆಮೇಲೆ ಕತ್ತಿ. ಸ್ಟೀಲಿನ ಚಾಕು ಆಗದು, ಹಳೇ ಕಬ್ಬಿಣದ ಕತ್ತಿಯೇ ಬೇಕು, ಕಲ್ಲಿಗೆ ತಿಕ್ಕಿ ಹೊಳಪು ಬಂದಿರಬೇಕು. ಅದ್ದಿ, ಸ್ವಲ್ಪ ಹೊತ್ತು ಬಿಟ್ಟು ತೆಗೆಯುವುದು. ಕೆಂಪು ಹತ್ತಿದರೆ ಸುಣ್ಣ ಸಾಲದು ಅಂತ ಅರ್ಥ. ಹಾಗೇ ಹೊಡೆದರೆ ಎಲೆ ಸುಟ್ಟು ಹೋಗುತ್ತದೆ. ಇನ್ನೊಂದಿಷ್ಟು ಸುಣ್ಣ ಹಾಕಿ ಮತ್ತೆ ಅದ್ದು. ಕತ್ತಿ ಬೆಳ್ಳಗೇ ಬಂದರೆ ಪಂಪು ಶುರು. ಮಾಡಿದ ದಿನವೇ ಹೊಡೆದು ಮುಗಿಸಬೇಕು.

ಈಗ ಮೇಷ್ಟ್ರ ಮಾತು ಕೇಳಿ ನನಗೂ ತಲೆಗೆ ಹೋಯಿತು. ಸುಣ್ಣ ಹಾಕುವುದು ಅಂದರೆ ದನಕ್ಕೆ ಹಗ್ಗ ಹಾಕುವುದು, ಅಲ್ವಾ ಮೇಷ್ಟ್ರೇ? ಮೂವತ್ತು ವರ್ಷದಿಂದ ಕತ್ತಿ ಅದ್ದುತ್ತಿದ್ದೇನೆ, ಯಾಕೆ ಅಂತ ಯಾರೂ ಹೇಳಿರಲಿಲ್ಲ.

ಪೀಚೆಕತ್ತಿಯನ್ನು ಡ್ರಮ್ಮಿಗೆ ಅದ್ದಿದವನನ್ನು ನಾನು ನೋಡಿಲ್ಲ. ನಮ್ಮ ಅಜ್ಜ ಇದ್ದಿದ್ದರೆ ಅಂಥವನನ್ನೇ ಡ್ರಮ್ಮಿಗೆ ಅದ್ದುತ್ತಿದ್ದರು.

ಹಳೇ ಮೇಷ್ಟ್ರು

ಸರಿಯಾಗಿ ಹೇಳಿದಿರಿ. ಸುಣ್ಣ ತಾಮ್ರವನ್ನು ಕರಗದ ರೂಪಕ್ಕೆ ಕಟ್ಟುತ್ತದೆ. ಎಲೆಯ ಮೇಲೆ ಅದು ಮಳೆಗೂ ಹೋಗದೆ ಅಂಟಿಕೊಂಡು, ಶಿಲೀಂಧ್ರದ ಬೀಜ ಮೊಳೆಯುವಾಗ ಚೂರುಚೂರೇ ಬಿಚ್ಚಿಕೊಳ್ಳುತ್ತದೆ. ಬೋರ್ಡೋದ ಗುಟ್ಟು ಇರುವುದೇ ಈ ನಿಧಾನದಲ್ಲಿ. ಫ್ರಾನ್ಸಿನಲ್ಲಿ ದಾರಿಹೋಕರು ದ್ರಾಕ್ಷಿ ಕೀಳದಿರಲಿ ಅಂತ ರಸ್ತೆ ಬದಿಯ ಬಳ್ಳಿಗಳಿಗೆ ಈ ನೀಲಿ ಕೊಳೆ ಬಳಿಯುತ್ತಿದ್ದರು. ಆ ಬಳ್ಳಿಗಳಿಗೆ ಮಾತ್ರ ರೋಗ ಬಂದಿರಲಿಲ್ಲ. ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ ಅದನ್ನು ಗಮನಿಸಿದ, 1885ರಲ್ಲಿ ಪ್ರಕಟಿಸಿದ. ಕಳ್ಳರನ್ನು ಹೆದರಿಸಲು ಹುಟ್ಟಿದ ಔಷಧ.

ಅಗೆಯುವ ಲೆಕ್ಕಕ್ಕೆ ಬರೋಣ. ಮಾವ, ಎಲೆತುಕ್ಕಿಗೆ ಎಕರೆಗೆ ಎಷ್ಟು ಡ್ರಮ್?

ಮೈಲುತುತ್ತ ಮಾವ

ಇನ್ನೂರು ಲೀಟರ್ ಡ್ರಮ್, ಎಕರೆಗೆ ಮೂರು ಅಂತ ಹಿಡಿಯಿರಿ. ಗಿಡ ನೋಡಿಕೊಂಡು ಹೆಚ್ಚುಕಡಿಮೆ ಆಗುತ್ತದೆ.

ಹಳೇ ಮೇಷ್ಟ್ರು

ಅರ್ಧ ಪರ್ಸೆಂಟ್‌ನಲ್ಲಿ ಡ್ರಮ್ಮಿಗೆ ಒಂದು ಕೆಜಿ ಮೈಲುತುತ್ತ. ಮೂರು ಡ್ರಮ್ಮಿಗೆ ಮೂರು ಕೆಜಿ. ಅದರ ತೂಕದಲ್ಲಿ ತಾಮ್ರ ಕಾಲು ಭಾಗ. ಉಳಿದದ್ದು ಗಂಧಕ, ಆಮ್ಲಜನಕ, ನೀರು. ಅಂದರೆ ವರ್ಷಕ್ಕೊಂದು ಸಲ ಹೊಡೆದರೆ ಎಕರೆಗೆ ಸುಮಾರು 760 ಗ್ರಾಂ ತಾಮ್ರ. ನಾನೂರು ವರ್ಷ ಬಿಡದೆ ಹೊಡೆದರೂ, ಒಂದು ಗ್ರಾಂ ಕೂಡ ತೊಳೆದು ಹೋಗಲಿಲ್ಲ ಅಂದುಕೊಂಡರೂ, ಎಕರೆಗೆ 300 ಕೆಜಿ. ಒಂದು ಎಕರೆಯ ಮೇಲ್ಮಣ್ಣು ಅರ್ಧ ಅಡಿ ಆಳಕ್ಕೆ ಸುಮಾರು 730 ಟನ್. ಟನ್ ಮಣ್ಣಿಗೆ 400 ಗ್ರಾಂ ತಾಮ್ರ ಸಿಕ್ಕಿತು.

ಗಣಿಯವರು ಬಡ ಅದಿರು ಅನ್ನುವ ಅರ್ಧ ಪರ್ಸೆಂಟ್ ಅದಿರಿನಲ್ಲೂ ಟನ್‌ಗೆ 5 ಕೆಜಿ ಇರುತ್ತದೆ. ನಕ್ಷತ್ರ ದಾಟಿ ಬಂದವರು ಚಿತ್ರದುರ್ಗದ ಇಂಗಳದಾಳ್‌ನ ಹಳೇ ತಾಮ್ರದ ಗಣಿ ಬಿಟ್ಟು ನಾಪೋಕ್ಲಿನ ಮಣ್ಣು ಯಾಕೆ ಬಗೆಯುತ್ತಾರೆ?

ಆದರೆ ಲೆಕ್ಕವನ್ನು ತಿರುಗಿಸಿ ನೋಡಿ. ಅವರಿಗೆ ತಾಮ್ರ ಬೇಕಿರುವುದು ರಕ್ತಕ್ಕೆ. ನಮ್ಮ ಹಿಮೋಗ್ಲೋಬಿನ್‌ನಲ್ಲಿ ಕಬ್ಬಿಣ ಇರುವುದು ಎರಡೂವರೆ ಗ್ರಾಂ ಆಸುಪಾಸು, ಎರಡು ಮೊಳೆಯಷ್ಟು. ಅಷ್ಟೇ ಆಮ್ಲಜನಕವನ್ನು ತಾಮ್ರದಲ್ಲಿ ಹೊರಬೇಕಾದರೆ ಒಂದರ ಜಾಗಕ್ಕೆ ಎರಡು ಪರಮಾಣು ಬೇಕು. ಆದರೂ ಆರು ಗ್ರಾಂ ದಾಟುವುದಿಲ್ಲ. ಮಾವನ ಒಂದು ಎಕರೆಯ ಒಂದು ವರ್ಷದ ಸ್ಪ್ರೇಯಲ್ಲಿ ನೂರಮೂವತ್ತು ಜನರ ರಕ್ತಕ್ಕೆ ಆಗುವಷ್ಟು ತಾಮ್ರ ಇದೆ.

ಕಾಲೇಜ್‌ಬಸ್

ಅಂದರೆ ಯಂತ್ರ, ಯುದ್ಧ ಏನೂ ಬೇಡ. ಒಂದು ಡ್ರಮ್ ಸಾಕು!

ಅಣ್ಣ, ಒಂದು ವಿಷಯ ನಿಮ್ಮ ಪರವಾಗಿ. ತಾಮ್ರ ಹುಟ್ಟುವುದು ಹೆಚ್ಚಾಗಿ ಭಾರೀ ನಕ್ಷತ್ರಗಳ ಒಳಗೆ. ತುಂಬಾ ಹಳೇ ನಕ್ಷತ್ರಗಳಲ್ಲಿ ಕಬ್ಬಿಣಕ್ಕೆ ಹೋಲಿಸಿದರೆ ತಾಮ್ರ ಕಡಿಮೆ. ಹಾಗಾಗಿ ಮುದಿ ಸೂರ್ಯನ ಸುತ್ತ ತಾಮ್ರ ಬಡ ಗ್ರಹ ಅನ್ನುವುದು ನಡೆಯುತ್ತದೆ. ಆದರೆ ತಾಮ್ರವೇ ಇಲ್ಲದ ಕಡೆ ತಾಮ್ರದ ರಕ್ತ ಹುಟ್ಟಿದ್ದು ಹೇಗೆ?

ನೈಟ್‌ಡ್ಯೂಟಿ

ಅದಕ್ಕೆ ನಾನು ಉತ್ತರ ಹೇಳಬಲ್ಲೆ. ಭೂಮಿಯ ತೊಗಟೆಯಲ್ಲಿ ಕಬ್ಬಿಣ ಐದು ಪರ್ಸೆಂಟ್ ಇದೆ. ನಮ್ಮ ಕೆಂಪು ಮಣ್ಣಿನ ಕೆಂಪೇ ಕಬ್ಬಿಣದ್ದು. ಆದರೂ ದಿನಾ ಬೆಳಿಗ್ಗೆ ಬಸುರಿಯರಿಗೆ ಕಬ್ಬಿಣದ ಮಾತ್ರೆ ಎಣಿಸಿ ಕೊಡುತ್ತೇನೆ. ಕಬ್ಬಿಣದ ಮಣ್ಣಿನ ಮೇಲೆ ನಿಂತೇ ಕಬ್ಬಿಣ ಸಾಲದೆ ಸುಸ್ತಾಗುವ ಜೀವಿಗಳು ನಾವು. ನೆಲದಲ್ಲಿ ಇರುವುದು ಬೇರೆ, ಮೈಗೆ ಸೇರುವುದು ಬೇರೆ. ಅವರ ಗ್ರಹದಲ್ಲೂ ತಾಮ್ರ ಇರಲಿ, ಆದರೆ ಗಂಧಕದ ಜೊತೆ ಸೇರಿ ಕಲ್ಲಾಗಿ ಕೂತಿರಲಿ. ಮೇಷ್ಟ್ರ ಭಾಷೆಯಲ್ಲಿ, ಕಟ್ಟಿಹಾಕಿದ ದನ.

ಹಾಗಂತ ಬಿಚ್ಚಿದ್ದೆಲ್ಲ ಒಳ್ಳೆಯದು ಅಂತಲೂ ಬರೆಯಬೇಡಿ. ನಮ್ಮ ಇಡೀ ಮೈಯಲ್ಲಿ ತಾಮ್ರ ಸುಮಾರು 100 ಮಿಲಿಗ್ರಾಂ ಇದೆ, ಅದು ಬೇಕೇ ಬೇಕು. ಹೆಚ್ಚಾದದ್ದನ್ನು ಪಿತ್ತಕೋಶ ಪಿತ್ತದ ಜೊತೆ ಹೊರಗೆ ಹಾಕುತ್ತದೆ. ವಿಲ್ಸನ್ ಕಾಯಿಲೆ ಅಂತ ಇದೆ, ಹುಟ್ಟಿನಿಂದ ಬರುವಂಥದ್ದು. ಅದರಲ್ಲಿ ಈ ದಾರಿ ಮುಚ್ಚಿಹೋಗಿರುತ್ತದೆ. ತಾಮ್ರ ಪಿತ್ತಜನಕಾಂಗದಲ್ಲೂ ಮಿದುಳಿನಲ್ಲೂ ಸೇರುತ್ತಾ ಹೋಗುತ್ತದೆ. ಎಷ್ಟೋ ರೋಗಿಗಳ ಕಣ್ಣಿನ ಕಪ್ಪುಗುಡ್ಡೆಯ ಅಂಚಿಗೆ ಕಂದು ಹಸಿರು ಬಣ್ಣದ ಉಂಗುರ ಬರುತ್ತದೆ. ನಿಮ್ಮ ಕಥೆಯಲ್ಲಿ ಆ ಕಾಯಿಲೆ ಇರುವ ಹುಡುಗಿ ಒಬ್ಬಳಿದ್ದರೆ? ಬಂದವರು ಮನುಷ್ಯರಲ್ಲಿ ಗುರುತು ಹಿಡಿಯುವ ಮೊದಲ ಮುಖ ಅವಳದ್ದು. ಅವಳಿಗೆ ತಾಮ್ರ ಜಾಸ್ತಿ, ಅವರಿಗೆ ಕಡಿಮೆ.

(ಪಿತ್ತಕೋಶ ಅಂದದ್ದು ತಪ್ಪಾಯಿತು. ತಾಮ್ರವನ್ನು ಪಿತ್ತಕ್ಕೆ ಸೇರಿಸುವುದು ಪಿತ್ತಜನಕಾಂಗ. ಪಾಳಿ ಮುಗಿಸಿ ಬಂದು ಬರೆದರೆ ಹೀಗೇ.)

ಗದ್ದೆಬದು

ಅಕ್ಕಾ, ಈ ಹುಡುಗಿಯನ್ನು ನಾನು ತಗೊಂಡೆ.

ವೈಂಡಿಂಗ್ ಅಂಗಡಿ, ಗೋಣಿಕೊಪ್ಪ

ಎಲ್ಲರೂ ರಕ್ತದಲ್ಲೇ ಇದ್ದೀರಿ. ಹಡಗಿನ ವಿಷಯ ಯಾರು ಹೇಳುತ್ತೀರಿ? ಅಷ್ಟು ದೂರದಿಂದ ಬಂದ ಹಡಗಿನಲ್ಲಿ ಮೋಟಾರ್ ಇರಲ್ವಾ?

ನಾನು ದಿನಾ ತಾಮ್ರ ಮುಟ್ಟುವವನು. ಮಳೆಗಾಲದಲ್ಲಿ ವೋಲ್ಟೇಜ್ ಬಿದ್ದಾಗ ಪಂಪ್‌ಸೆಟ್ ಎಳೆಯಲಾರದೆ ಬಿಸಿಯಾಗಿ ವೈಂಡಿಂಗ್ ಸುಡುತ್ತದೆ. ನನಗೆ ತರುವಾಗ ಮೀನು ಕರಿದ ಹಾಗೆ ಒಂದು ವಾಸನೆ, ಅದು ವಾರ್ನಿಶ್ ಸುಟ್ಟದ್ದು. ಮುಚ್ಚಳ ಬಿಚ್ಚಿದರೆ ಹೊಸದರಲ್ಲಿ ಜೇನಿನ ಬಣ್ಣ ಇದ್ದ ಸುರುಳಿ ಇದ್ದಲಾಗಿರುತ್ತದೆ. ಆ ಕಪ್ಪನ್ನು ಉಗುರಲ್ಲಿ ಕೆರೆದರೆ ಒಳಗೆ ಅದೇ ಕೆಂಪು ತಾಮ್ರ. ಅದಕ್ಕೆ ಏನೂ ಆಗಿರುವುದಿಲ್ಲ. ತೂಕಕ್ಕೆ ಹಾಕಿದರೆ ಮತ್ತೆ ದುಡ್ಡು. ನನ್ನ ಲೆಕ್ಕದಲ್ಲಿ ಅದು ಸಾಯದ ಲೋಹ.

ಕರೆಂಟ್ ಹರಿಸುವುದರಲ್ಲಿ ಅದಕ್ಕಿಂತ ಮುಂದೆ ಇರುವುದು ಬೆಳ್ಳಿ ಒಂದೇ. ಅಲ್ಯೂಮಿನಿಯಂ ಅದರ ಅರವತ್ತು ಪರ್ಸೆಂಟ್. ಹೋದ ವರ್ಷ ಒಬ್ಬರು ಹೊಸ ಮೋಟಾರ್ ತಂದು, ಆರೇ ತಿಂಗಳಿಗೆ ಹೋಯಿತು ಅಂದರು. ಬಿಚ್ಚಿ ನೋಡಿದರೆ ತಂತಿಗೆ ತಾಮ್ರದ ಬಣ್ಣ ಮಾತ್ರ, ಒಳಗೆಲ್ಲ ಬಿಳಿ ಅಲ್ಯೂಮಿನಿಯಂ. ನಿಮ್ಮ ಕಥೆಯಲ್ಲಿ ತಾಮ್ರ ಕಡಿಮೆಯಾದ ಲೋಕ ಹೇಗಿರುತ್ತದೆ ಅಂತ ಕೇಳಿದರೆ ನಾನು ಹೇಳುವುದು ಇದನ್ನೇ. ಅಲ್ಲಿ ಎಲ್ಲದಕ್ಕೂ ತಾಮ್ರದ ಬಣ್ಣ ಇರುತ್ತದೆ. ಕೆರೆದು ನೋಡದೆ ಯಾರೂ ಏನನ್ನೂ ಕೊಳ್ಳುವುದಿಲ್ಲ. ಮದುವೆ ಹೆಣ್ಣಿನ ಬಳೆಯನ್ನೂ ಕೆರೆಯುತ್ತಾರೆ.

ಕಾಲೇಜ್‌ಬಸ್

ಹಡಗು ಅಂದಿರಲ್ಲ ಅಣ್ಣ, ರಾಕೆಟ್ ಎಂಜಿನ್ನಿನ ಒಳಗೋಡೆಗೂ ತಾಮ್ರದ ಮಿಶ್ರಲೋಹ ಹಾಕುತ್ತಾರೆ. ಬೆಂಕಿ 3,000 ಡಿಗ್ರಿ ದಾಟಿರುತ್ತದೆ, ತಾಮ್ರ ಕರಗುವುದು 1,085ಕ್ಕೇ. ಆದರೂ ಕರಗುವುದಿಲ್ಲ. ಗೋಡೆಯ ಹಿಂದೆ ಸಣ್ಣ ಕಾಲುವೆಗಳಲ್ಲಿ ತಣ್ಣನೆಯ ಇಂಧನ ಹರಿಯುತ್ತಿರುತ್ತದೆ, ತಾಮ್ರ ಬಿಸಿಯನ್ನು ಅದಕ್ಕೆ ದಾಟಿಸಿಬಿಡುತ್ತದೆ. ನೀರು ತುಂಬಿದ ಬಚ್ಚಲ ಹಂಡೆ ಉರಿಯ ಮೇಲಿದ್ದರೂ ಕರಗಲ್ಲವಲ್ಲ, ಹಾಗೆ.

ಇನ್ನೊಂದು ಕೇಳಿ, ಇದು ಕಥೆಯಲ್ಲ. 1963ರಲ್ಲಿ ಅಮೆರಿಕದವರು 48 ಕೋಟಿ ತಾಮ್ರದ ಸೂಜಿಗಳನ್ನು ಆಕಾಶಕ್ಕೆ ಎರಚಿದರು. ಒಂದೊಂದೂ 1.78 ಸೆಂಟಿಮೀಟರ್, ಕೂದಲಿಗಿಂತ ಸಣ್ಣ. ಭೂಮಿಯಿಂದ ಮೂರೂವರೆ ಸಾವಿರ ಕಿಲೋಮೀಟರ್ ಮೇಲೆ ಉಂಗುರದ ಹಾಗೆ ಹರಡಿಸಿ, ರೇಡಿಯೋ ಅಲೆಗಳನ್ನು ಅದಕ್ಕೆ ಬಡಿದು ವಾಪಸ್ ತರುವ ಯೋಜನೆ. ವೆಸ್ಟ್ ಫೋರ್ಡ್ ಅಂತ ಹೆಸರು. ಕೆಲಸ ಮಾಡಿತು ಕೂಡ. ಸಂಪರ್ಕ ಉಪಗ್ರಹಗಳು ಬಂದ ಮೇಲೆ ಯಾರಿಗೂ ಬೇಡವಾಯಿತು. ಮುದ್ದೆಗಟ್ಟಿದ ಕೆಲವು ಸೂಜಿಗಳು ಇನ್ನೂ ಮೇಲೇ ಸುತ್ತುತ್ತಿವೆ. ತಾಮ್ರಕ್ಕೆ ಬಾಯಿಬಿಡುವವರು ದೂರದಿಂದ ನೋಡಿದರೆ ಏನಂದುಕೊಳ್ಳುತ್ತಾರೆ? ಈ ಊರಲ್ಲಿ ತಾಮ್ರವನ್ನು ಆಕಾಶಕ್ಕೆ ಎಸೆಯುತ್ತಾರೆ!

ತಾಳೆಗರಿ, ಕುಶಾಲನಗರ

ಎಸೆದದ್ದು ಅದೊಂದೇ ಅಲ್ಲ. 1977ರಲ್ಲಿ ಹೋದ ವಾಯೇಜರ್ ನೌಕೆಗಳಲ್ಲಿ ಒಂದೊಂದು ಧ್ವನಿತಟ್ಟೆ ಇದೆ. ಚಿನ್ನದ ತಟ್ಟೆ ಅಂತಲೇ ಎಲ್ಲರೂ ಕರೆಯುವುದು. ಚಿನ್ನ ಮೇಲಿನ ಲೇಪ ಮಾತ್ರ, ತಟ್ಟೆ ತಾಮ್ರದ್ದು. ವೈಂಡಿಂಗ್ ಅಂಗಡಿಯವರು ಕೆರೆದರೆ ಸಿಕ್ಕಿಬೀಳುತ್ತದೆ. ಅದರಲ್ಲಿ 55 ಭಾಷೆಗಳ ಶುಭಾಶಯ ಕೊರೆದಿದ್ದಾರೆ, ಅದರಲ್ಲಿ ಕನ್ನಡವೂ ಒಂದು. ಕನ್ನಡಿಗರ ಪರವಾಗಿ ಶುಭ ಕೋರುವ ಒಂದು ಸಾಲು. ಎರಡೂ ನೌಕೆಗಳು ಈಗ ಸೂರ್ಯನ ಗಾಳಿಯ ಎಲ್ಲೆ ದಾಟಿ ಹೋಗಿವೆ.

ತಾಮ್ರದ ಮೇಲೆ ಕನ್ನಡ ಬರೆಯುವುದು ಕೊಡಗಿಗೆ ಹೊಸದೂ ಅಲ್ಲ. ಮರ್ಕೆರಾ ತಾಮ್ರಪಟಗಳು ಅಂತ ಮಡಿಕೇರಿಯ ಹೆಸರಲ್ಲೇ ಹೆಸರಾದ ಶಾಸನ ಇದೆ. ಗಂಗ ದೊರೆ ಅವಿನೀತನ ಕಾಲದ್ದು ಅನ್ನುತ್ತದೆ. ಅದರ ಕಾಲವನ್ನು ಕ್ರಿ.ಶ. 466 ಅಂತ ಎಣಿಸುತ್ತಾರೆ. ಸಂಸ್ಕೃತದ ಜೊತೆಗೆ ಕನ್ನಡವೂ ಇದೆ. ನಿಜಕ್ಕೂ ಆ ಕಾಲದ್ದೋ, ಆಮೇಲೆ ಯಾರೋ ಕೊರೆಸಿದ್ದೋ ಅಂತ ವಿದ್ವಾಂಸರು ಜಗಳ ಆಡುತ್ತಾರೆ, ಅದು ಇರಲಿ. ದಾನವನ್ನು ಬರೆಸಿಡಲು ತಾಮ್ರವನ್ನೇ ಯಾಕೆ ಆರಿಸಿದರು? ತಾಳೆಗರಿಯನ್ನು ಹುಳ ತಿನ್ನುತ್ತದೆ. ಕಬ್ಬಿಣ ಈ ಮಳೆಗೆ ಮೂರು ವರ್ಷ ನಿಲ್ಲುವುದಿಲ್ಲ. ಚಿನ್ನ ಬೆಳ್ಳಿ ಆದರೆ ಕದ್ದು ಕರಗಿಸುತ್ತಾರೆ. ತಾಮ್ರಕ್ಕೆ ಕಿಲುಬು ಹಿಡಿದರೂ ಅದೇ ಒಳಗಿನ ಲೋಹಕ್ಕೆ ಕಂಬಳಿ.

ಅವರು ಬಂದದ್ದು ಹೀಗೆ ಅಂತ ಇಟ್ಟುಕೊಳ್ಳಿ. ದಾರಿಯಲ್ಲಿ ಆ ತಟ್ಟೆ ಸಿಕ್ಕಿತು. ಮಾತು ಅರ್ಥವಾಗಲಿಲ್ಲ, ಲೋಹ ಅರ್ಥವಾಯಿತು. ಇಷ್ಟು ತಾಮ್ರವನ್ನು ಬರೀ ನಮಸ್ಕಾರ ಹೇಳಲು ಖರ್ಚು ಮಾಡುವ ಜನ ಯಾರಪ್ಪ ಅಂತ ಹುಡುಕಿಕೊಂಡು ಬಂದರು.

ಬಸವನಹುಳು ಬೇಡಪ್ಪ

ಇದು ಚೆನ್ನಾಗಿದೆ. ಆದರೆ 2380ರೊಳಗೆ ವಾಯೇಜರ್ ಇನ್ನೊಂದು ನಕ್ಷತ್ರದ ಹತ್ತಿರಕ್ಕೂ ಹೋಗಿರಲ್ಲ, ಅದಕ್ಕೆ ಸಾವಿರಾರು ವರ್ಷ ಬೇಕು.

ತಾಳೆಗರಿ

ಅವರೇ ಎದುರು ಬಂದರು ಅಂತ ಬರೆದರಾಯಿತು.

ಗದ್ದೆಬದು

ಎರಡು ದಿನ ಈ ಕಡೆ ಬರಲಿಲ್ಲ. ಬೇಜಾರಿನಲ್ಲಿದ್ದೆ, ನಿಜ ಹೇಳುತ್ತೇನೆ. ಯುದ್ಧ ಹೋಯಿತು, ಗಣಿ ಹೋಯಿತು, ಹಸಿರು ರಕ್ತ ಹೋಯಿತು. ಅದ್ಯಾವುದೂ ಅಷ್ಟು ಬಾಧಿಸಲಿಲ್ಲ. ಕತ್ತಿ ಹೋದದ್ದಕ್ಕೆ ಸಂಕಟ.

ಮೇಷ್ಟ್ರೇ, ಒಂದೇ ಪ್ರಶ್ನೆ. ಕಟ್ಟಿದ ತಾಮ್ರವನ್ನು ಬಿಚ್ಚುವ ಉಪಾಯ ಏನಾದರೂ ಇದೆಯಾ?

ಹಳೇ ಮೇಷ್ಟ್ರು

ಹುಳಿ. ಜೋರು ಆಮ್ಲ ಬಿದ್ದರೆ ಪ್ರೋಟೀನು ಕೆಟ್ಟು ತಾಮ್ರವನ್ನು ಕೈಬಿಡುತ್ತದೆ. ಸುಣ್ಣ ಕಟ್ಟಿದ್ದನ್ನೂ ಆಮ್ಲ ಬಿಚ್ಚುತ್ತದೆ. ತಾಮ್ರದ ಪಾತ್ರೆಯಲ್ಲಿ ಹುಳಿ ಪದಾರ್ಥ ಇಡಬೇಡಿ, ಇಡುವುದಾದರೆ ಕಲಾಯಿ ಹಾಕಿಸಿ ಅನ್ನುತ್ತಿದ್ದದ್ದು ಇದಕ್ಕೇ. ಹುಣಸೆಹಣ್ಣಿಗೆ ಹಂಡೆ ಫಳಫಳ ಹೊಳೆಯುವುದೂ ಇದರಿಂದಲೇ.

ಮೈಲುತುತ್ತ ಮಾವ

ಹುಳಿ ಅಂದರೆ ಕೊಡಗಿನಲ್ಲಿ ಹೇಳಿಕೊಡಬೇಕಾ? ಅಡುಗೆಗೆ ಹಾಕುವ ನಮ್ಮ ಕಪ್ಪು ಹಣ್ಣಿನ ಹುಳಿ, ಕಾಚಂಪುಳಿ, ಇದೆಯಲ್ಲ ಮಾರಾಯ!

ನೈಟ್‌ಡ್ಯೂಟಿ

ಪ್ರಯೋಗ ಮಾಡುವವರು ಅಡುಗೆ ಪಾತ್ರೆ ಮುಟ್ಟಬೇಡಿ. ಕೈಗೆ ಗ್ಲೌಸ್. ಮುಗಿದ ಮೇಲೆ ಅದನ್ನು ತೋಡಿಗೆ ಚೆಲ್ಲಬೇಡಿ, ಸುಣ್ಣ ಸೇರಿಸಿ ಮತ್ತೆ ಕಟ್ಟಿ. ನಾಳೆ ವಾರ್ಡಿನಲ್ಲಿ ನಿಮ್ಮನ್ನು ನೋಡಲು ನನಗೆ ಇಷ್ಟ ಇಲ್ಲ.

ಗದ್ದೆಬದು

ಮಾಡಿದೆ!

ನಿನ್ನೆ ಮಳೆ ಸ್ವಲ್ಪ ಬಿಟ್ಟಿತ್ತು, ಪಕ್ಕದ ತೋಟದಲ್ಲಿ ಸ್ಪ್ರೇ ಇತ್ತು. ಅವರ ಡ್ರಮ್ಮಿನಿಂದ ಒಂದು ಹಳೇ ಪ್ಲಾಸ್ಟಿಕ್ ಡಬ್ಬದಲ್ಲಿ ಅರ್ಧ ಲೀಟರ್ ತಂದೆ. ಹೊಸ ಕಬ್ಬಿಣದ ಮೊಳೆಯನ್ನು ಕಲ್ಲಿಗೆ ತಿಕ್ಕಿ ಅದ್ದಿದೆ. ಹತ್ತು ನಿಮಿಷ ಕಾದೆ. ಏನೂ ಇಲ್ಲ, ಬೆಳ್ಳಗೇ ಬಂತು. ಸುಣ್ಣ ಸರಿಯಾಗಿತ್ತು ಅಂತ ಆಯಿತು.

ಅಮ್ಮ ದೇವಸ್ಥಾನಕ್ಕೆ ಹೋಗಿದ್ದಾಗ ಕಾಚಂಪುಳಿಯ ಬಾಟಲಿ ತೆಗೆದೆ. ಒಂದು ಚಮಚ ಹಾಕಿದೆ. ಬಿದ್ದ ಜಾಗದಲ್ಲಿ ಕಪ್ಪು ಕಲೆ ಬಂತು, ಕಲಕಿದರೆ ಮಾಯ. ಇನ್ನೊಂದು ಚಮಚ. ಸುಣ್ಣ ಅದನ್ನೂ ನುಂಗಿತು. ಹೀಗೆ ಹಾಕುತ್ತಾ ಹೋದೆ, ಎಷ್ಟು ಅಂತ ಇಲ್ಲಿ ಬರೆಯುವುದಿಲ್ಲ, ಅಮ್ಮನೂ ಈ ವೇದಿಕೆ ಓದುತ್ತಾರೆ. ತಳದಲ್ಲಿ ಕೂತಿದ್ದ ನೀಲಿ ಗಸಿ ಕರಗತೊಡಗಿತು. ನೀರು ಬೋರ್ಡೋ ಥರವೂ ಇಲ್ಲ, ಕಾಚಂಪುಳಿ ಥರವೂ ಇಲ್ಲ, ಕೆಸರು ಹಸಿರು. ಅದೇ ಮೊಳೆ ಹಾಕಿ ಮಲಗಿದೆ.

ಬೆಳಿಗ್ಗೆ ಎತ್ತಿದರೆ ಮುಳುಗಿದ್ದಷ್ಟು ಭಾಗ ಕೆಂಪು. ಉಗುರಲ್ಲಿ ಕೆರೆದೆ, ವೈಂಡಿಂಗ್ ಅಣ್ಣ ಹೇಳಿದ ಹಾಗೆ. ತೆಳ್ಳಗೆ ಎದ್ದು ಬಂತು. ತಾಮ್ರವೇ.

ಅಕ್ಕ ಹೇಳಿದ ಹಾಗೆ ಉಳಿದದ್ದಕ್ಕೆ ಸುಣ್ಣ ಕಲಸಿ ಇಟ್ಟಿದ್ದೇನೆ, ತೋಡಿಗೆ ಬಿಟ್ಟಿಲ್ಲ.

ಈಗ ಕಥೆ ಹೀಗೆ. ಅವರು ಅಗೆಯಲು ಬರುವುದಿಲ್ಲ. ಏಳೇ ಜನ. ಬೇಗ ನಡೆಯಲಾರರು, ನಮ್ಮ ಬೆಟ್ಟದಲ್ಲಿ ನಾಲ್ಕು ಹೆಜ್ಜೆಗೊಮ್ಮೆ ಕೂರುತ್ತಾರೆ. ಮಣ್ಣಿನಲ್ಲಿ ತಾಮ್ರ ಇರುವುದು ಅವರಿಗೆ ಗೊತ್ತಾಗುತ್ತದೆ, ಅದು ಕಟ್ಟಿದ ತಾಮ್ರ, ಮೈಗೆ ಸೇರುವುದಿಲ್ಲ. ಮಳೆಗಾಲದ ಒಂದು ಸಂಜೆ ಬಾಗಿಲು ತಟ್ಟುತ್ತಾರೆ. ಕಣ್ಣಲ್ಲಿ ಉಂಗುರ ಇರುವ ಹುಡುಗಿ ತೆಗೆಯುತ್ತಾಳೆ. ಅವರು ಕೇಳುವುದು ಕಾಚಂಪುಳಿ.

ಪೀಚೆಕತ್ತಿ ಗೋಡೆಯ ಮೇಲೇ ಇರುತ್ತದೆ. ಅಜ್ಜನಿಗೆ ಅನುಮಾನ ಬಂದು ಒಂದು ಸಲ ಮಾತ್ರ ಇಳಿಸುತ್ತಾನೆ. ಇರಿಯಲು ಅಲ್ಲ. ಅವರ ಬಟ್ಟಲಿಗೆ ತುದಿ ಅದ್ದಿ, ಕೆಂಪು ಹತ್ತಿದೆಯಾ ನೋಡಿ, ಕುಡಿಯಿರಿ ಅನ್ನುತ್ತಾನೆ.

ಮೈಲುತುತ್ತ ಮಾವ

ಅಜ್ಜ ಆಮೇಲೆ ಕತ್ತಿಯನ್ನು ಒರೆಸಿ ಎಣ್ಣೆ ಹಚ್ಚಿ ಇಟ್ಟ ಅಂತ ಒಂದು ಸಾಲು ಸೇರಿಸು. ಇಲ್ಲದಿದ್ದರೆ ಓದುವವರು ಒಪ್ಪುವುದಿಲ್ಲ.

ಬಸವನಹುಳು ಬೇಡಪ್ಪ

ಬಟ್ಟಲಿಗೆ ಎಷ್ಟು ಚಮಚ ಅಂತಲೂ ಬರೆಯಿರಿ. ಕಾಚಂಪುಳಿ ಬಾಟಲಿಗೆ ಈಗ ಎಷ್ಟು ರೇಟು ಗೊತ್ತಾ?

ಗದ್ದೆಬದು

ಗೊತ್ತು. ಅಮ್ಮ ಈಗಷ್ಟೇ ಹೇಳಿದರು.